ಒಂದು ಇಂಚಿಗೆ ಒಂದು ಮೈಲಿ

ಮೂಡಿಗೆರೆ ಬಸ್ ಸ್ಟ್ಯಾಂಡಿನ ಎದುರಿನ ಸಾಲಿನಲ್ಲಿ ನನ್ನದೊಂದು ಫ್ರೇಮ್ ಅಂಗಡಿಯಿದೆ. ದೇವರು, ಸತ್ತವರು, ಮದುವೆಯಾದವರು, ಈ ಮೂರು ವರ್ಗಕ್ಕೆ ಕಟ್ಟು ಹಾಕಿ ಕೊಟ್ಟು ಸಂಸಾರ ನಡೆಸಿದವನು ನಾನು, ಏಕಾಂತಪ್ಪ. ಈ ಸುತ್ತಿನ ಎಸ್ಟೇಟ್ ಬಂಗಲೆಗಳ ಗೋಡೆಯ ಮೇಲೆ ಮೀಸೆ ತಿರುವಿಕೊಂಡು ಕೂತಿರುವ ಅಜ್ಜಂದಿರಲ್ಲಿ ಮುಕ್ಕಾಲು ಪಾಲು ನನ್ನ ಕೈದಾಟಿ ಹೋದವರೇ. ಅವರ ಮುಖದ ಮೇಲಿನ ಬೂಷ್ಟು ಒರೆಸಿದವನಿಗೆ ಅವರ ಬಗ್ಗೆ ಹೆಚ್ಚಿನ ಗೌರವ ಉಳಿಯುವುದು ಕಷ್ಟ.

ಕಾಫಿಗೆ ರೇಟು ಬಂದ ಮೇಲೆ ನಮ್ಮ ಪ್ಲಾಂಟರುಗಳಿಗೆ ಹಣದ ಚಿಂತೆ ಹೋಗಿ ವಂಶದ ಚಿಂತೆ ಹತ್ತಿಕೊಂಡಿತು. ಎಲ್ಲರಿಗೂ ತಾವು ಹಳಬರೆಂದು ತೋರಿಸಿಕೊಳ್ಳಬೇಕು. ಒಬ್ಬರು ಅಟ್ಟದ ಮೇಲಿನ ತೂತುಬಿದ್ದ ಹಂಡೆ ತಂದು ಹಾಲಿನಲ್ಲಿಟ್ಟರು. ಇನ್ನೊಬ್ಬರು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ತುಕ್ಕು ಹಿಡಿದ ಪಲ್ಪರ್ ಯಂತ್ರಕ್ಕೆ ಕೆಂಪು ಬಣ್ಣ ಬಳಿಸಿ ಅಂಗಳದಲ್ಲಿ ನಿಲ್ಲಿಸಿದರು. ಬಾಳೆಕೊಪ್ಪದ ಶಾಂತವೀರಪ್ಪನವರು ಇವರೆಲ್ಲರನ್ನೂ ಮೀರಿಸಲು ಹೋಗಿ ಒಂದು ನಕ್ಷೆ ಕೊಂಡರು.

ಕಳೆದ ವರ್ಷ ಕುಯ್ಲು ಮುಗಿಯುತ್ತಿದ್ದ ಹೊತ್ತಿಗೆ ಅವರೂ ಅವರ ಮಗ ವೀರೇಂದ್ರನೂ ಜೀಪಿನಿಂದಿಳಿದು, ಒಂದು ಉದ್ದನೆಯ ಕೊಳವೆಯಿಂದ ಅದನ್ನು ಎಳೆದು ನನ್ನ ಮೇಜಿನ ಮೇಲೆ ಹರಡಿದರು. ಬ್ರಿಟಿಷರ ಕಾಲದ ಸರ್ವೆ ನಕ್ಷೆ. ಬೆನ್ನಿಗೆ ಬಟ್ಟೆ ಅಂಟಿಸಿದ್ದರು. ಮಡಿಕೆಯ ಜಾಗದಲ್ಲಿ ಕಾಗದ ಸವೆದಿತ್ತು, ಬಣ್ಣ ಮಾತ್ರ ಇನ್ನೂ ಗಟ್ಟಿಯಾಗಿತ್ತು. ಗುಡ್ಡಗಳ ಏರಿಳಿತಕ್ಕೆ ಕಂದು ಗೆರೆ, ಹಳ್ಳಹೊಳೆಗೆ ನೀಲಿ, ಕಾಡಿಗೆ ಹಸಿರು, ಸಾಗುವಳಿಗೆ ಹಳದಿ. ದೇವರಮನೆ ಗುಡ್ಡದಿಂದ ಹಿಡಿದು ಕೊಟ್ಟಿಗೆಹಾರದ ಆಚೆಯವರೆಗಿನ ಪ್ರದೇಶವೆಲ್ಲ ಕೈ ಒರೆಸುವ ಒಂದು ಟವೆಲ್ಲಿನಷ್ಟು ಜಾಗದಲ್ಲಿ ಹಿಡಿಸಿತ್ತು. ಬರೆದವನು ಯಾರೋ ಪುಣ್ಯಾತ್ಮ, ಜಿಗಣೆ ಕಚ್ಚಿಸಿಕೊಂಡು ಒಂದೊಂದು ಹಳ್ಳದ ಬುಡದವರೆಗೂ ನಡೆದಿದ್ದಾನೆ ಎಂಬುದು ಗೆರೆ ನೋಡಿದರೇ ಗೊತ್ತಾಗುತ್ತಿತ್ತು.

"ಇದ್ರ ಅಳತೆ ಒಂದು ಇಂಚಿಗೆ ಒಂದು ಮೈಲಿ," ಅಂದ ವೀರೇಂದ್ರ. ಬೆಂಗಳೂರಿನಲ್ಲಿ ಹಳೇ ಕಾಗದಪತ್ರ ಮಾರುವವನಿಂದ ತರಿಸಿದ್ದನಂತೆ. ಅವನ ಹೋಮ್‌ಸ್ಟೇಗೆ 'ಹೊಳೆಮೂಲ ಹೆರಿಟೇಜ್' ಎಂದು ಹೆಸರು. ಆ ಕಟ್ಟಡ ಎದ್ದು ಇನ್ನೂ ಬಣ್ಣ ಮಾಸಿಲ್ಲ. ಮೇಲಿನ ಹೆಂಚು ಮಾತ್ರ ಹಳೆಯದು, ಅದನ್ನೂ ಕಳಸದ ಕಡೆ ಯಾರೋ ಕೆಡವಿದ ಮನೆಯಿಂದ ಲಾರಿಯಲ್ಲಿ ಹೇರಿಕೊಂಡು ಬಂದದ್ದು.

"ನೂರು ವರ್ಷದ ಹಿಂದಿಂದು ಮಾರಾಯ! ನಮ್ಮ ಬಾಳೆಕೊಪ್ಪ ಇದೆ ಇದ್ರಲ್ಲಿ," ಅಂದರು ಶಾಂತವೀರಪ್ಪನವರು.

"ನಿಮ್ಮ ಮನೆ ಇದೆಯಾ ಸಾವ್ಕಾರ್ರೇ?"

"ಊರಿದ್ಮೇಲೆ ನಾವಿದ್ದ ಹಾಗೇ ಅಲ್ವಾ. ತೇಗದ ಕಟ್ಟು ಹಾಕು. ಹಾಲಿಗೆ ಬಂದವ್ರ ಕಣ್ಣು ಮೊದ್ಲು ಅದ್ರ ಮೇಲೇ ಬೀಳ್ಬೇಕು."

ಅಪ್ಪ ಮಗ ಇಬ್ಬರೂ ಅದನ್ನು ಸರಿಯಾಗಿ ನೋಡಿರಲಿಲ್ಲ. ಹಳೆಯದೆಂದು ಕೊಂಡಿದ್ದರು, ಅಷ್ಟೇ. ನೋಡಿದ್ದರೆ ಅಲ್ಲೇ ಒಲೆಗೆ ಹಾಕುತ್ತಿದ್ದರು.

ಯಾಕೆಂದರೆ ಬಾಳೆಕೊಪ್ಪದ ಏಲಕ್ಕಿಹಳ್ಳದ ವಿಷಯ ಈ ಕಡೆ ಎಲ್ಲರಿಗೂ ಗೊತ್ತು. ಹಳ್ಳದ ಒಂದು ಕಡೆ ಶಾಂತವೀರಪ್ಪನವರ ಎಸ್ಟೇಟು. ಇನ್ನೊಂದು ಕಡೆ ಪರಮೇಶ್ವರ ಭಟ್ಟರ ಸಣ್ಣ ಕಾಫಿ ತೋಟ. ಭಟ್ಟರು ಅಲ್ಲಿನ ಈಶ್ವರ ಗುಡಿಯ ಪೂಜೆ ಮಾಡಿಕೊಂಡು, ಯಾರು ಏನಂದರೂ ಹೂಂ ಅನ್ನುತ್ತ ಬದುಕಿದವರು. ಅವರ ಹೆಂಡತಿ ಸುಶೀಲಾ ಟೀಚರ್ ಕೊಟ್ಟಿಗೆಹಾರದ ಕಡೆಯ ಶಾಲೆಯೊಂದರಲ್ಲಿ ಪಾಠ ಮಾಡುತ್ತಾರೆ. ಹೂಂ ಅನ್ನುವುದು ಅವರಿಗೆ ಅಷ್ಟಾಗಿ ಬರುವುದಿಲ್ಲ.

ಎರಡೂ ಮನೆಯ ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಹಳ್ಳವೇ ಗಡಿ. ಶಾಂತವೀರಪ್ಪನವರದಕ್ಕೆ ಪೂರ್ವಕ್ಕೆ ಏಲಕ್ಕಿಹಳ್ಳ, ಭಟ್ಟರದಕ್ಕೆ ಪಶ್ಚಿಮಕ್ಕೆ ಏಲಕ್ಕಿಹಳ್ಳ. ಬೇರೆ ಊರುಗಳಲ್ಲಿ ಜಮೀನು ನುಂಗುವವರು ರಾತ್ರೋರಾತ್ರಿ ಗಡಿಕಲ್ಲು ಕೀಳುತ್ತಾರೆ, ಪತ್ರ ತಿದ್ದುತ್ತಾರೆ. ಶಾಂತವೀರಪ್ಪನವರ ತಂದೆ ಅಂಥ ಕೀಳು ಕೆಲಸಕ್ಕೆ ಕೈ ಹಾಕಲಿಲ್ಲ. ಒಂದು ಬೇಸಿಗೆಯಲ್ಲಿ ಆಳು ಹಚ್ಚಿ, ಭಟ್ಟರ ಕಡೆಯಿದ್ದ ಆನೆಬಂಡೆಯ ಪೂರ್ವಕ್ಕೆ ಒಂದು ಕಾಲುವೆ ತೋಡಿಸಿದರು. ಮಳೆ ಹಿಡಿದಾಗ ಅದರ ಬಾಯಿ ಬಿಡಿಸಿದರು. ಉಳಿದದ್ದನ್ನು ಆರಿದ್ರಾ ಮಳೆ ನೋಡಿಕೊಂಡಿತು. ಹಳ್ಳ ಬಂಡೆಯ ಪಶ್ಚಿಮದಿಂದ ಪೂರ್ವಕ್ಕೆ ಬಂತು, ಬಂಡೆಯೂ ಮೂರೆಕರೆ ತೋಟವೂ ಭಟ್ಟರ ಮನೆಯಿಂದ ಎಸ್ಟೇಟಿಗೆ ಹೋಯಿತು. ಪತ್ರದಲ್ಲಿ ಒಂದಕ್ಷರ ತಿದ್ದಿರಲಿಲ್ಲ. ತಿದ್ದಿದ್ದು ಹಳ್ಳವನ್ನು.

ಹೋದದ್ದು ತೋಟ ಮಾತ್ರ ಆಗಿದ್ದರೆ ಟೀಚರ್ ಸಹಿಸಿಕೊಳ್ಳುತ್ತಿದ್ದರೋ ಏನೋ. ಆನೆಬಂಡೆಯ ಬುಡದಲ್ಲಿ ಒಂದು ಒರತೆಯಿದೆ. ಎಂಥ ಬೇಸಿಗೆಯಲ್ಲೂ ಬತ್ತುವುದಿಲ್ಲ. ಭಟ್ಟರ ಮನೆಗೆ ಕುಡಿಯಲು, ಮಾರ್ಚಿನಲ್ಲಿ ಕಾಫಿ ಹೂವು ಅರಳಲು ಗಿಡಕ್ಕೆ ಹಾಯಿಸಲು, ಎಲ್ಲಕ್ಕೂ ಅದೇ ನೀರು. ಒರತೆ ಆಚೆ ಹೋದ ಮೇಲೂ ನೆರೆಹೊರೆಯ ಮುಲಾಜಿಗೆ ಒಂದು ಪೈಪು ಉಳಿದಿತ್ತು. ವೀರೇಂದ್ರ ಹೋಮ್‌ಸ್ಟೇಗೆ ಈಜುಕೊಳ ಕಟ್ಟಿಸಿದ ಮೇಲೆ ಆ ಮುಲಾಜೂ ಮುಗಿಯಿತು. ಪೈಪು ಕತ್ತರಿಸಿದರು. ಟೀಚರ್ ಶಾಲೆಗೆ ಹೊರಡುವ ಮುಂಚೆ ತಳದ ಕೆರೆಯಿಂದ ಕೊಡ ಹೊತ್ತು ತರುವುದನ್ನು ಈಜುಕೊಳಕ್ಕೆ ಇಳಿದವರು ನೀರಿನಿಂದಲೇ ನೋಡಬಹುದಿತ್ತು.

ಟೀಚರ್ ಅರ್ಜಿ ಹಾಕಿದರು. ಸರ್ವೆಯವರು ಬಂದು ನೋಡಿ, ಹಳ್ಳ ಮೊದಲು ಬಂಡೆಯ ಪಶ್ಚಿಮಕ್ಕೆ ಹರಿಯುತ್ತಿತ್ತು ಅನ್ನುವುದಕ್ಕೆ ದಾಖಲೆ ಕೊಡಿ ಅಂದರು. ಊರವರೆಲ್ಲರಿಗೂ ಗೊತ್ತಿತ್ತು. ಸಾಕ್ಷಿ ಹೇಳಿ ಅಂದರೆ ಎಲ್ಲರಿಗೂ ಮರೆತುಹೋಯಿತು.

ಇಂಥ ಹೊತ್ತಿನಲ್ಲಿ ಶಾಂತವೀರಪ್ಪನವರು ತಾವೇ ಕಾಸು ಕೊಟ್ಟು ಆ ದಾಖಲೆಯನ್ನು ಕೊಂಡು ತಂದು, ತೇಗದ ಕಟ್ಟು ಹಾಕಿಸಿ, ಮೇಲೊಂದು ದೀಪ ಬೇರೆ ಇಡಿಸಿದರು.

ನಕ್ಷೆಯ ಅನಾವರಣಕ್ಕೆ ಊರಿಗೂರನ್ನೇ ಕರೆದಿದ್ದರು. ಪರದೆ, ರಿಬ್ಬನ್ನು, ಬೆಳ್ಳಿ ತಟ್ಟೆಯಲ್ಲಿ ಕತ್ತರಿ. ಬಂದವರು ನೋಡಲೆಂದು ವೀರೇಂದ್ರ ಹಿತ್ತಾಳೆ ಹಿಡಿಯ ಒಂದು ಭೂತಗನ್ನಡಿಯನ್ನು ಸರಪಳಿ ಕಟ್ಟಿ ಪಕ್ಕದಲ್ಲಿ ನೇತುಹಾಕಿದ್ದ. ಕದ್ದುಕೊಂಡು ಹೋಗುವವರ ಪೈಕಿ ಅಲ್ಲಿ ಯಾರೂ ಇರಲಿಲ್ಲ. ಅವರು ಕದಿಯುವುದು ಅಷ್ಟು ಸಣ್ಣ ವಸ್ತುಗಳನ್ನಲ್ಲ. ಭಟ್ಟರನ್ನೂ ಟೀಚರನ್ನೂ ಕರೆದಿದ್ದರು, ಪೂಜೆಗೆ ಭಟ್ಟರು ಬೇಕಲ್ಲ.

"ಹಸಿರು ಅಂದ್ರೆ ಕಾಡು, ಹಳದಿ ಅಂದ್ರೆ ಸಾಗುವಳಿ, ನೀಲಿ ಅಂದ್ರೆ ನೀರು. ದಯವಿಟ್ಟು ಎಲ್ರೂ ನಿಮ್ಮ ನಿಮ್ಮ ಎಸ್ಟೇಟು ಹುಡುಕಿ ನೋಡಿ," ಎಂದು ವೀರೇಂದ್ರ ಆಹ್ವಾನಿಸಿದ. ತಲೆಯ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಳ್ಳುವುದೆಂದರೆ ಇದು.

ಮೊದಲು ಮುಂದೆ ಬಂದವರು ಜಯಪ್ರಕಾಶ್, ನಮ್ಮ ಹೋಬಳಿಯ ಬೆಳೆಗಾರರ ಸಂಘದ ಅಧ್ಯಕ್ಷರು. ಎಲ್ಲಿ ಮೈಕು ಸಿಕ್ಕರೂ 'ನಮ್ಮ ತಾತನ ತಾತನ ಕಾಲದಿಂದ' ಎಂದೇ ಮಾತು ಶುರು ಮಾಡುವವರು. ಗನ್ನಡಿ ಹಿಡಿದು, "ಇಲ್ಲಿ ದೇವರಮನೆ, ಇಲ್ಲಿ ರಸ್ತೆ, ಇಲ್ಲಿಂದ ಹೀಗೆ ಬಂದ್ರೆ ನಮ್ಮ ತಾತನ ತಾತನ..." ಎನ್ನುತ್ತ ಬೆರಳು ಜಾರಿಸಿಕೊಂಡು ಹೋದವರು ಒಂದು ಕಡೆ ನಿಂತರು. ಬೆರಳ ಕೆಳಗೆ ದಟ್ಟ ಹಸಿರು. ಅದರ ಮೇಲೆ 'ಆರ್.ಎಫ್.' ಎಂದು ಎರಡಕ್ಷರ. ಮೀಸಲು ಅರಣ್ಯ. ಅವರು ಒಮ್ಮೆ ಕೆಮ್ಮಿ ಗನ್ನಡಿಯನ್ನು ಪಕ್ಕದವರಿಗೆ ಕೊಟ್ಟರು. ಪಕ್ಕದವರೂ ಹುಮ್ಮಸ್ಸಿನಿಂದ ಹುಡುಕಿದರು, ಹಸಿರಿಗೆ ಬಂದು ಅವರೂ ಕೆಮ್ಮಿದರು. ಗನ್ನಡಿ ಕೈಯಿಂದ ಕೈಗೆ ಹೋಯಿತು. ಹಾಲಿನಲ್ಲಿದ್ದ ಗದ್ದಲ ಒಬ್ಬೊಬ್ಬರಾಗಿ ಕಡಿಮೆಯಾಗುತ್ತ ಬಂತು. ನೂರು ವರ್ಷದ ಹಿಂದೆ ಇವರೆಲ್ಲರ ವಂಶದವರು ಮರದ ಮೇಲೆ ಇದ್ದಿರಬೇಕು, ಇಲ್ಲವಾದರೆ ಆ ಸರ್ವೆಯವನಿಗೆ ಒಬ್ಬರಾದರೂ ಕಾಣದೆ ಹೋಗುತ್ತಿರಲಿಲ್ಲ.

ನಗು ತಡೆದುಕೊಂಡು ನಾನೂ ಒಮ್ಮೆ ಇಣುಕಿದೆ. ದೇವರಮನೆ ಕೆಳಗೆ ನನ್ನದೂ ಎರಡೆಕರೆ ಇದೆ. ಹಸಿರು. ನಗು ನಿಂತಿತು.

ಕೊನೆಗೆ ಸುಶೀಲಾ ಟೀಚರ್ ಗನ್ನಡಿ ತೆಗೆದುಕೊಂಡರು. ಅವರು ಹಸಿರು ಹಳದಿ ಯಾವುದನ್ನೂ ನೋಡಲಿಲ್ಲ. ಈಶ್ವರ ಗುಡಿಯ ಗುರುತನ್ನು ಹಿಡಿದು, ಅಲ್ಲಿಂದ ಆನೆಬಂಡೆಗೆ ಬಂದು, ಬಹಳ ಹೊತ್ತು ಬಗ್ಗಿ ನೋಡಿದರು. ವೀರೇಂದ್ರ ಅವರ ಹಳೇ ವಿದ್ಯಾರ್ಥಿ.

"ವೀರೇಂದ್ರ, ಇಲ್ಲಿ ಬಾ. ನೀಲಿ ಗೆರೆ ಆನೆಬಂಡೆಯ ಯಾವ ಕಡೆ ಇದೆ?"

"ಪಶ್ಚಿಮಕ್ಕೆ ಮಿಸ್."

"ಈಗ ಹಳ್ಳ ಯಾವ ಕಡೆ ಇದೆಯಪ್ಪ?"

"ಪೂರ್ವಕ್ಕೆ ಮಿಸ್," ಅಂದವನು, ಅಂದಾದ ಮೇಲೆ ಬಾಯಿ ಮುಚ್ಚಿದ. ಶಾಲೆಯಲ್ಲಿ ಒಂದು ದಿನವೂ ಸರಿ ಉತ್ತರ ಕೊಡದ ಹುಡುಗ, ಎಲ್ಲಿ ಕೊಡಬಾರದೋ ಅಲ್ಲಿ ಎರಡು ಸರಿ ಉತ್ತರ ಕೊಟ್ಟಿದ್ದ.

ಶಾಂತವೀರಪ್ಪನವರ ಮುಖ ನೋಡುವ ಹಾಗಿರಲಿಲ್ಲ. ಮಾಮೂಲಿ ದಿನವಾಗಿದ್ದರೆ ಉಳಿದ ಪ್ಲಾಂಟರುಗಳು ಒಳಗೊಳಗೇ ಹಬ್ಬ ಮಾಡುತ್ತಿದ್ದರು. ಅವತ್ತು ಎಲ್ಲರಿಗೂ ಅವರ ಮೇಲೆ ಎಲ್ಲಿಲ್ಲದ ಕರುಣೆ ಉಕ್ಕಿತು.

"ಆ ದೊರೆ ಕುಡ್ಕೊಂಡು ಬರ್ದಿರ್ಬೇಕು ಕಣ್ರೀ," ಅಂದರು ಜಯಪ್ರಕಾಶ್. "ಮಳೇಲಿ ಅವ್ನಿಗೆ ಎಂತ ಕಂಡಿರುತ್ತೆ ಪಾಪ."

ಎಲ್ಲರೂ ಒಪ್ಪಿದರು. ಅಕ್ಕಿರೊಟ್ಟಿ, ಕಾಯಿಚಟ್ನಿ ಬಂತು. ನಕ್ಷೆಯ ಕಡೆ ಬೆನ್ನು ಹಾಕಿ ತಿಂದರು.

ಮಾರನೇ ದಿನ ನಕ್ಷೆ ವಾಪಸು ನನ್ನ ಅಂಗಡಿಗೆ ಬಂತು. ಗೋಡೆಯಿಂದ ತೆಗೆದುಬಿಟ್ಟರೆ ಹೆದರಿದ ಹಾಗಾಗುತ್ತದೆ, ಹಾಗೇ ಬಿಟ್ಟರೆ ಜನ ನೋಡುತ್ತಾರೆ. ಶಾಂತವೀರಪ್ಪನವರಿಗೆ ನಡುವಿನ ದಾರಿಯೊಂದು ಬೇಕಿತ್ತು. ಚಿತ್ರಕ್ಕೂ ಕಟ್ಟಿಗೂ ನಡುವೆ ಸುತ್ತಲೂ ಒಂದು ದಪ್ಪ ಕಾಗದದ ಅಂಚು ಕೊಡುತ್ತೇವೆ, ಮೌಂಟ್ ಅಂತ. ಅದನ್ನು ಅಗಲ ಮಾಡಿದರೆ ಚಿತ್ರದ ಅಂಚು ಮುಚ್ಚುತ್ತದೆ.

"ಮೌಂಟ್ ಸ್ವಲ್ಪ ಅಗಲ ಮಾಡು ಮಾರಾಯ, ನೋಡೋಕೂ ಲಕ್ಷಣ," ಅಂದರು. "ನಮ್ಮ ಜಾಗ ಮುಚ್ಚೋ ಹಾಗೆ."

"ನಿಮ್ಮ ಜಾಗ ನಟ್ಟನಡುವೆ ಇದೆಯಲ್ಲ ಸಾವ್ಕಾರ್ರೇ. ಮೌಂಟ್ ಸುತ್ತ ಬರುತ್ತೆ, ನಡುವೆ ಬರಲ್ಲ."

ಅವರು ತಲೆ ಮೇಲೆ ಕೈ ಹೊತ್ತುಕೊಂಡು ಬೆಂಚಿನ ಮೇಲೆ ಕೂತರು. ಯೋಚನೆ ಮಾಡಿ ಹೇಳ್ತೀನಿ ಅಂದು ಹೋದರು.

ಅವರು ಹೋದ ಅರ್ಧ ಗಂಟೆಗೆ ಜಯಪ್ರಕಾಶ್ ಬಂದರು. ತಾವು ಆ ಕಡೆ ಹೋಗುತ್ತಿದ್ದವರು ಸುಮ್ಮನೆ ಬಂದದ್ದೆಂದು ಹೇಳಿ, ಸುತ್ತಲೂ ನೋಡಿ, ದಕ್ಷಿಣದ ಕಡೆ ಆರಿಂಚು ಮೌಂಟ್ ಜಾಸ್ತಿ ಕೊಟ್ಟರೆ ಚೆನ್ನಾಗಿ ಕಾಣುತ್ತೆ ಅಂದರು. ಮಧ್ಯಾಹ್ನ ಕೊಟ್ಟಿಗೆಹಾರದ ಕಡೆಯ ಒಬ್ಬರು ಬಂದು ಉತ್ತರಕ್ಕೆ ಏಳಿಂಚು ಕೇಳಿದರು. ಸಂಜೆ ಇನ್ನಿಬ್ಬರು ಪೂರ್ವಕ್ಕೆ. ಒಬ್ಬರು ಬಂದದ್ದು ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ಕಳಿಸುವುದೇ ನನಗೊಂದು ಕೆಲಸವಾಯಿತು. ನಾನು ಯಾರಿಗೂ ಇಲ್ಲ ಅನ್ನಲಿಲ್ಲ. ಬ್ಲೇಡು ಹಿಡಿದು ಅಳೆದು ಅಳೆದು ಮೌಂಟ್ ಕತ್ತರಿಸಿದೆ. ಇಂಚಿಗೆ ಒಂದು ಮೈಲಿ ಕಾಡು ಮಾಯವಾಗುತ್ತಿತ್ತು. ಇಷ್ಟು ವೇಗದಲ್ಲಿ ಕಾಡು ಖಾಲಿ ಮಾಡುವುದು ಇವರ ತಾತಂದಿರಿಗೂ ಆಗಿರಲಿಲ್ಲ. ಪಶ್ಚಿಮದ ಕಡೆ ಯಾರೂ ಕೇಳದಿದ್ದರೂ ಆರಿಂಚು ಮುಚ್ಚಿದೆ. ಅಲ್ಲಿ ನನ್ನ ಎರಡೆಕರೆ ಇತ್ತು.

ಕೊನೆಗೆ ಉಳಿದದ್ದು ಅಂಗೈಯಗಲದ ಒಂದು ಕಿಂಡಿ. ಅದರೊಳಗೆ ಈಶ್ವರ ಗುಡಿ, ಆನೆಬಂಡೆ, ಬಂಡೆಯ ಪಶ್ಚಿಮಕ್ಕೆ ಹರಿಯುವ ನೀಲಿ ಏಲಕ್ಕಿಹಳ್ಳ. ಸುತ್ತಲಿನದೆಲ್ಲ ಮುಚ್ಚಿದ ಮೇಲೆ ಅದೊಂದೇ ಎದ್ದು ಕಾಣುತ್ತಿತ್ತು. ಎಲ್ಲರೂ ಸೇರಿ ತಂತಮ್ಮ ಕಳ್ಳತನ ಮುಚ್ಚಿಕೊಂಡು ಶಾಂತವೀರಪ್ಪನವರದೊಂದನ್ನೇ ಚೌಕಟ್ಟಿನಲ್ಲಿಟ್ಟಿದ್ದರು.

ಅದನ್ನು ನೋಡಿ ಶಾಂತವೀರಪ್ಪನವರಿಗೆ ಸಿಟ್ಟು ಬಂತು, ಸಿಟ್ಟಿನಲ್ಲಿ ಬುದ್ಧಿಯೂ ಬಂತು. ತಮ್ಮ ತಂದೆಯ ಫೋಟೋ ತಂದುಕೊಟ್ಟರು. "ನಡುವೆ ಅಂಡಾಕಾರಕ್ಕೆ ಇದನ್ನ ಅಂಟ್ಸು. ಅಪ್ಪಯ್ಯ ಕಟ್ಟಿದ ಎಸ್ಟೇಟಲ್ವಾ, ಅವ್ರೇ ಇರ್ಲಿ." ಹಳ್ಳ ತಿರುಗಿಸಿದ ಮಹಾನುಭಾವರನ್ನು ಸರಿಯಾಗಿ ಅದೇ ಜಾಗದಲ್ಲಿ ಕೂರಿಸಿ ಅಂಟು ಹಾಕಿದೆ. ಹಾಗೆ ಆ ನಕ್ಷೆಯಲ್ಲಿ ನಕ್ಷೆಯೊಂದು ಬಿಟ್ಟು ಉಳಿದದ್ದೆಲ್ಲ ಇತ್ತು.

ಅಂಟು ಒಣಗುತ್ತಿದ್ದಾಗಲೇ ಸುಶೀಲಾ ಟೀಚರ್ ಶಾಲೆ ಬಿಟ್ಟು ಬಸ್ಸಿಳಿದು ಅಂಗಡಿಗೆ ಬಂದರು. ನಾನು ಕೆಟ್ಟೆನಲ್ಲ ಅಂದುಕೊಂಡೆ. ಮೇಜಿನ ಮೇಲಿದ್ದ ಮುದುಕರ ಮುಖ ನೋಡಿ ಅವರು ಮೊದಲು ಬೆರಗಾದರು, ಆಮೇಲೆ ನಕ್ಕರು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

"ಎಷ್ಟು ಕಷ್ಟಪಟ್ಟಿದ್ದೀರಿ ಏಕಾಂತಪ್ಪನವ್ರೇ! ಮುಚ್ಚೋದು ಮುಚ್ಚಿದ್ರಿ, ಆದ್ರೆ ಅವತ್ತೇ ನಾನು ಮೂಲೆಯಲ್ಲಿದ್ದ ಹಾಳೆಯ ನಂಬರ್ ನೆನಪಿಟ್ಕೊಂಡೆ. ಅದು ಸರ್ಕಾರದ ನಕ್ಷೆ. ನಂಬರ್ ಹೇಳಿ ಅರ್ಜಿ ಹಾಕಿದ್ರೆ ಯಾರಿಗೆ ಬೇಕಾದ್ರೂ ಪ್ರತಿ ಕೊಡ್ತಾರೆ."

"ಹಾಗಾದ್ರೆ ಇಲ್ಲಿಗೆ ಯಾಕೆ ಬಂದ್ರಿ ಟೀಚರೇ?"

"ನೀವು ಇದನ್ನ ಎಲ್ರಿಗೂ ಹೇಳ್ತೀರಿ ಅಂತ."

ನನ್ನ ಬಾಯಿಯ ಬಗ್ಗೆ ಅವರಿಗಿದ್ದ ನಂಬಿಕೆಗೆ ನಾನು ಮೋಸ ಮಾಡಲಿಲ್ಲ. ಅವರು ಬಸ್ಸು ಹತ್ತುವ ಮುಂಚೆ ಜಯಪ್ರಕಾಶರಿಗೆ ಫೋನು ಹೋಗಿತ್ತು.

ಆ ಹಾಳೆ ಕಚೇರಿಯ ಮೇಜಿಗೆ ಬಂದರೆ ಅಲ್ಲಿ ಕಾಣುವುದು ಆನೆಬಂಡೆ ಒಂದೇ ಅಲ್ಲ. ಅದು ಎಲ್ಲರಿಗೂ ಅರ್ಥವಾಯಿತು. ಭಾನುವಾರ ನನ್ನ ಅಂಗಡಿಯ ಒಳಕೋಣೆಯಲ್ಲೇ ಪಂಚಾಯಿತಿ ಕೂತಿತು. ನಾಲ್ಕು ಜನ ಪ್ಲಾಂಟರುಗಳು, ಶಾಂತವೀರಪ್ಪನವರು, ಭಟ್ಟರು, ಟೀಚರ್. ಮೂರು ತಲೆಮಾರಿನಿಂದ ಕಾಣದಿದ್ದ ನ್ಯಾಯ ಒಂದೇ ವಾರದಲ್ಲಿ ಎಲ್ಲರ ಕಣ್ಣಿಗೂ ಬಿದ್ದಿತ್ತು.

"ಟೀಚರ್ ಮನೆಗೆ ನೀರಿಲ್ಲ ಅಂದ್ರೆ ಊರಿಗೇ ಅವಮಾನ ಅಲ್ವಾ?" ಅಂದರು ಜಯಪ್ರಕಾಶ್. ಪೈಪು ಕತ್ತರಿಸಿದಾಗಲೂ ಅವರು ಇದೇ ಊರಿನಲ್ಲಿದ್ದರು.

"ನೀರು ಬೇಡ. ಹಳ್ಳ ಎಲ್ಲಿತ್ತೋ ಅಲ್ಲಿಗೆ ತಿರುಗಿಸ್ಲಿ. ಒರತೆ ತಾನಾಗಿ ನಮ್ಮ ಕಡೆ ಬರುತ್ತೆ," ಅಂದರು ಟೀಚರ್.

"ಹಳ್ಳ ಅಂದ್ರೆ ಹಸುವಾ, ಹಗ್ಗ ಹಿಡಿದು ಎಳ್ಕೊಂಡು ಬರೋಕೆ?" ಶಾಂತವೀರಪ್ಪನವರು ರೇಗಿದರು.

"ನಿಮ್ಮ ಅಪ್ಪಯ್ಯ ಎಳ್ಕೊಂಡು ಬಂದ್ರಲ್ಲ."

ನಕ್ಷೆ ಸರ್ವೆ ಆಫೀಸಿಗೆ ಹೋಗದಿರಲು ಟೀಚರಿಗೆ ಏನು ಕೊಡಬೇಕು ಎಂದು ಚೌಕಾಸಿ ಶುರುವಾಯಿತು. ಹಳ್ಳ ತಿರುಗಿಸುವುದು ಆಗದ ಮಾತು ಅಂದರು. ಒರತೆಯ ಜಾಗ ಬಿಟ್ಟುಕೊಡಿ ಅಂದರೆ ಅದೂ ಆಗದು ಅಂದರು. ಎರಡಿಂಚಿನ ಪೈಪು ಅನ್ನುವಲ್ಲಿಗೆ ಬಂತು. ಈಜುಕೊಳಕ್ಕೆ ಸಾಲುವುದಿಲ್ಲ ಎಂದು ಒಂದೂವರೆಯಾಯಿತು. ಭಟ್ಟರು ಅಷ್ಟು ಹೊತ್ತೂ ನೆಲ ನೋಡುತ್ತ ಕೂತಿದ್ದವರು ಹೆಂಡತಿಯ ಕಡೆ ತಿರುಗಿ ಮೆಲ್ಲಗೆ, "ನಮ್ಮ ಮೇಲಿನ ತೋಟಾನೂ ಹಸಿರಿನಲ್ಲೇ ಇದೆ ಕಣೇ, ಒಪ್ಕೊಂಬಿಡು," ಅಂದರು. ಪಿಸುಮಾತಾದರೂ ಕೋಣೆ ಸಣ್ಣದು. ಎಲ್ಲರಿಗೂ ಕೇಳಿಸಿತು. ಕೂಡಲೇ ಪೈಪು ಒಂದಿಂಚಿಗೆ ಇಳಿಯಿತು.

ಟೀಚರ್ ಗಂಡನನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಹೂವಿನ ಕಾಲ ಹತ್ತಿರ ಬಂದಿತ್ತು, ನೀರು ಹಾಯಿಸದಿದ್ದರೆ ಆ ವರ್ಷದ ಬೆಳೆಯೇ ಇಲ್ಲ. "ಆಯ್ತು," ಅಂದರು. ನನಗೆ ಅದು ಅನ್ಯಾಯ ಅನ್ನಿಸಿತು. ಆದರೂ ಎಲ್ಲರಿಗೂ ಕಾಫಿ ತರಿಸಿದೆ.

ಎದ್ದು ಹೋಗುವಾಗ ಶಾಂತವೀರಪ್ಪನವರು ಒಂದು ಷರತ್ತು ಹಾಕಿದರು. ನೀರನ್ನು ತಾವು ವಾಪಸು ಕೊಡುತ್ತಿಲ್ಲ, ದಾನ ಕೊಡುತ್ತಿದ್ದೇವೆ. ವಾಪಸು ಅಂದರೆ ತೆಗೆದುಕೊಂಡದ್ದು ಒಪ್ಪಿದ ಹಾಗೆ. ದಾನ ಅಂದಮೇಲೆ ನಾಲ್ಕು ಜನರೆದುರು ಆಗಬೇಕು. ಹೀಗಾಗಿ ಈಶ್ವರ ಗುಡಿಯ ಅಂಗಳದಲ್ಲಿ ಶಾಮಿಯಾನ ಎದ್ದಿತು. 'ಜಲದಾನಿ ಶ್ರೀ ಶಾಂತವೀರಪ್ಪನವರಿಗೆ ಅಭಿನಂದನೆ' ಎಂದು ಫ್ಲೆಕ್ಸು ಬಂತು. ಅದರಲ್ಲಿ ಅವರ ಮುಖ ನಲ್ಲಿಗಿಂತ ಬಹಳ ದೊಡ್ಡದಾಗಿತ್ತು. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ ಎಲ್ಲ ಸಂಘದ ಖರ್ಚು. ಫಲಾನುಭವಿಗಳ ಪರವಾಗಿ ಕೃತಜ್ಞತೆಯ ಎರಡು ಮಾತು ಸುಶೀಲಾ ಟೀಚರದ್ದು ಎಂದು ಕರಪತ್ರದಲ್ಲೇ ಅಚ್ಚು ಹಾಕಿಸಿದ್ದರು.

ನಾನು ಹೆಂಡತಿ ಸೌಮ್ಯಳನ್ನು ಕರೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಜಯಪ್ರಕಾಶ್ ಮಾತನಾಡಿದರು. ನಮ್ಮ ತಾತನ ತಾತನ ಕಾಲದಿಂದ ಮಲೆನಾಡಿನಲ್ಲಿ ನೀರಿಗೆ ಬೆಲೆ ಕಟ್ಟಿದವರಿಲ್ಲ ಅಂದರು. ಇಲ್ಲಿನ ಸಭೆಗಳಲ್ಲಿ ಭಾಷಣವನ್ನು ಯಾರೂ ಕೇಳುವುದಿಲ್ಲ. ಮಾತು ನಿಂತಲ್ಲೆಲ್ಲ ಚಪ್ಪಾಳೆ ತಟ್ಟುತ್ತಾರೆ. ಊಟ ಬೇಗ ಆಗಲಿ ಎಂದು ತಟ್ಟುವುದು. ಅದನ್ನು ವೇದಿಕೆಯ ಮೇಲಿನವರು ಬೇರೆ ರೀತಿ ತಿಳಿದುಕೊಳ್ಳುತ್ತಾರೆ.

ಆಮೇಲೆ ಹೊಸ ನಲ್ಲಿಗೆ ಕುಂಕುಮ ಹಚ್ಚಿ, ಕೆಳಗೆ ಹಿತ್ತಾಳೆ ಕೊಡ ಇಟ್ಟರು. ಶಾಂತವೀರಪ್ಪನವರು ಪೇಟ ಸರಿಮಾಡಿಕೊಂಡು ನಲ್ಲಿ ತಿರುಗಿಸಿದರು. ಪೈಪು ಒಮ್ಮೆ ಬುಸ್ಸೆಂದಿತು. ಕೆಂಪು ನೀರು ಎರಡು ಚೊಂಬಿನಷ್ಟು ಬಂತು, ಆಮೇಲೆ ಬರೀ ಗಾಳಿ. ಫೋಟೋದವನು ಬೇಗ ಬೇಗ ತೆಗೆದುಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಗಾಳಿ ಕಟ್ಟಿದೆ, ನಾಳೆ ಸರಿಹೋಗುತ್ತೆ," ಅಂದರು ಶಾಂತವೀರಪ್ಪನವರು. ಗಾಳಿ ಕಟ್ಟಿರಲಿಲ್ಲ. ವಾರದ ಕೊನೆಗೆ ಗೆಸ್ಟುಗಳು ಬರುವವರಿದ್ದರು, ವೀರೇಂದ್ರ ಬೆಳಿಗ್ಗೆಯಿಂದ ಈಜುಕೊಳ ತುಂಬಿಸುತ್ತಿದ್ದ. ಅಲ್ಲಿಂದ ಪಂಪು ನಡೆಸುವ ಜನರೇಟರಿನ ಸದ್ದು ಗುಡಿಯ ಅಂಗಳಕ್ಕೇ ಕೇಳುತ್ತಿತ್ತು.

ಟೀಚರ್ ಕೊಡದೊಳಗೆ ಇಣುಕಿ ನೋಡಿದರು. ಆಮೇಲೆ ಮೈಕಿನ ಮುಂದೆ ಬಂದರು. ಕೈಯಲ್ಲಿ ಚೀಟಿಯಿರಲಿಲ್ಲ.

"ಎಲ್ಲರಿಗೂ ನಮಸ್ಕಾರ. ಶಾಂತವೀರಪ್ಪನವರು ದಾನ ಕೊಟ್ಟ ನೀರನ್ನ ನೀವೆಲ್ಲ ಈಗ ಕಣ್ಣಾರೆ ನೋಡಿದ್ರಿ."

ಚಪ್ಪಾಳೆ.

"ಆ ನೀರು ನಮ್ಮ ಮಾವನವರ ಕಾಲದ ಮುಂಚಿನಿಂದ ನಮ್ಮದೇ. ನಮ್ಮ ನೀರನ್ನ ನಮಗೇ ದಾನ ಮಾಡ್ಬೇಕು ಅಂದ್ರೆ ಬಹಳ ದೊಡ್ಡ ಮನಸ್ಸು ಬೇಕು."

ಇನ್ನೂ ಜೋರು ಚಪ್ಪಾಳೆ. ಶಾಂತವೀರಪ್ಪನವರು ಎದ್ದು ನಿಂತು ಸಭೆಗೆ ಕೈ ಮುಗಿದರು. ಅವರ ಕಣ್ಣು ಒದ್ದೆಯಾಗಿತ್ತು. ಅವರು ಕೂಡ ಕೇಳುತ್ತಿರಲಿಲ್ಲ.

"ಅಷ್ಟು ದೊಡ್ಡ ಮನಸ್ಸಿನ ಹಂಗಿನಲ್ಲಿ ಬದುಕೋಕೆ ನನಗೆ ಆಗಲ್ಲ. ನಕ್ಷೆಯ ಪ್ರತಿ ನನಗೆ ಅಂಚೆಯಲ್ಲಿ ಬಂದಿದೆ. ನಾಳೆ ಬೆಳಿಗ್ಗೆ ಅದನ್ನ ಸರ್ವೆ ಆಫೀಸಿಗೆ ಕೊಡ್ತೀನಿ. ಹಳ್ಳ ಎಲ್ಲಿತ್ತು, ಕಾಡು ಎಲ್ಲಿತ್ತು, ಯಾರ್ಯಾರ ತೋಟ ಈಗ ಎಲ್ಲಿದೆ, ಎಲ್ಲಾ ಅಳೀಲಿ. ನಮ್ಮ ಮೇಲಿನ ತೋಟದಿಂದಲೇ ಶುರು ಮಾಡ್ಲಿ. ನಮಸ್ಕಾರ."

ಅದಕ್ಕೂ ಚಪ್ಪಾಳೆ ಬಿತ್ತು. ಶಾಮಿಯಾನವೇ ಅದುರುವ ಹಾಗೆ ಬಿತ್ತು. ಟೀಚರ್ ವೇದಿಕೆಯಿಂದ ಇಳಿದು, ಕೊಡದ ತಳದ ಕೆಂಪು ನೀರು ಚೆಲ್ಲಿ, ಖಾಲಿ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಮನೆಯ ಕಡೆ ನಡೆದರು. ಭಟ್ಟರು ಮಂಗಳಾರತಿ ತಟ್ಟೆ ಹಿಡಿದವರು ಹಿಡಿದ ಹಾಗೇ ನಿಂತಿದ್ದರು. ಮುಂದಿನ ಸಾಲಿನಲ್ಲಿ ಮೊದಲು ಜಯಪ್ರಕಾಶರ ಕೈ ನಿಂತಿತು. ಅವರು ಪಕ್ಕದವರ ಮುಖ ನೋಡಿದರು, ಪಕ್ಕದವರ ಕೈ ನಿಂತಿತು. ಒಂದೊಂದೇ ಸಾಲು ಹಾಗೇ ತಣ್ಣಗಾಗುತ್ತ ಹಿಂದಕ್ಕೆ ಬಂತು. ಕೊನೆಗೆ ಅಷ್ಟೂ ಜನರ ನಡುವೆ ಒಬ್ಬ ಮಾತ್ರ ಇನ್ನೂ ಖುಷಿಯಿಂದ ತಟ್ಟುತ್ತಿದ್ದ.

ಸೌಮ್ಯ ಪಕ್ಕೆಗೆ ಮೊಣಕೈಯಿಂದ ತಿವಿದು, "ರೀ, ನಮ್ಮ ಎರಡೆಕರೇನೂ ಹೋಗುತ್ತೆ," ಅಂದಾಗಲೇ ಅವನು ನಾನೆಂದು ನನಗೆ ಗೊತ್ತಾದದ್ದು.